ಗಡಿಕಲ್ಲು ದಾಟಿ ಬರುವ ವಾರಂಟ್

ಕಾಗವಾಡದಿಂದ ಮಿರಜಕ್ಕೆ ಹೋಗುವ ರಸ್ತೆಯಲ್ಲಿ ಕರ್ನಾಟಕ ಎಲ್ಲಿ ಮುಗಿಯಿತು, ಮಹಾರಾಷ್ಟ್ರ ಎಲ್ಲಿ ಶುರುವಾಯಿತು ಎಂದು ಹೊಲಗಳನ್ನು ನೋಡಿ ಹೇಳುವುದು ಕಷ್ಟ. ಎರಡೂ ಕಡೆ ಅದೇ ಕರಿಮಣ್ಣು, ಅದೇ ಕಬ್ಬು. ಕಾಗವಾಡದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಿರಜ. ನಿಪ್ಪಾಣಿಯವರಿಗೆ ಮದುವೆಯ ಜವಳಿಗೆ ಕೊಲ್ಹಾಪುರ ಹತ್ತಿರ. ಅಥಣಿಯ ಒಣದ್ರಾಕ್ಷಿ ತಾಸಗಾಂವ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಹೆಣ್ಣು ಕೊಡುವುದು, ತರುವುದು, ಸಾಲ ಕೊಡುವುದು, ತೀರಿಸುವುದು ಎಲ್ಲವೂ ಗಡಿಯ ಆಚೀಚೆ ನಡೆದೇ ಇದೆ.

ಈ ಭಾಗದ ಜನಕ್ಕೆ ರಾಜ್ಯದ ಗೆರೆ ನಿಜವಾಗಿ ಕಣ್ಣಿಗೆ ಕಾಣುವುದು ಕೆಲವೇ ಸಂದರ್ಭಗಳಲ್ಲಿ. ಅದರಲ್ಲಿ ಒಂದು, ಆಚೆ ಕಡೆಯ ಪೊಲೀಸ್ ವಾಹನ ಮನೆಯ ಮುಂದೆ ಬಂದು ನಿಂತಾಗ. ಬಂದವರು ಮಾತಾಡುವುದು ಮರಾಠಿ, ಕೈಯಲ್ಲಿರುವ ಕಾಗದವೂ ಮರಾಠಿ. ಮನೆಯವರು ಓಡಿ ಹೋಗಿ ಊರಿನ ವಕೀಲರನ್ನು ಕೇಳುವ ಮೊದಲ ಪ್ರಶ್ನೆ: ಮಹಾರಾಷ್ಟ್ರದ ಪೊಲೀಸರು ನಮ್ಮ ಊರಿಗೆ ಬಂದು ಹಿಡಿದುಕೊಂಡು ಹೋಗಬಹುದೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಲ್ಲಿ ಕ್ರಿಮಿನಲ್ ವಕೀಲಿ ಮಾಡುವವರಿಗೆ ಇದು ಹೊಸ ಪ್ರಶ್ನೆಯಲ್ಲ. ಉತ್ತರವೂ ಚಿಕ್ಕದೇ. ಬರಬಹುದು, ಹಿಡಿಯಬಹುದು. ಆದರೆ ಒಯ್ಯುವ ಮುನ್ನ, ಸಾಮಾನ್ಯವಾಗಿ, ಇಲ್ಲಿಯ ಒಬ್ಬ ದಂಡಾಧಿಕಾರಿಯ ಮುಂದೆ ನಿಲ್ಲಬೇಕು. ಈ ಒಂದು ನಿಲುಗಡೆಯ ಮೇಲೆ ಒಬ್ಬ ಮನುಷ್ಯ ಆ ರಾತ್ರಿ ತನ್ನ ಮನೆಯಲ್ಲಿ ಮಲಗುತ್ತಾನೆಯೇ, ನೂರಾರು ಮೈಲಿ ದೂರದ ಲಾಕಪ್ಪಿನಲ್ಲಿ ಮಲಗುತ್ತಾನೆಯೇ ಎಂಬುದು ನಿಂತಿರುತ್ತದೆ.

ಹೊಲಕ್ಕೊಂದು ಸಂಸ್ಥಾನ

ಗಡಿ ದಾಟಿದ ಆರೋಪಿಯ ಸಮಸ್ಯೆ ಈ ಸೀಮೆಗೆ 1956ರಲ್ಲಿ ಹುಟ್ಟಿದ್ದಲ್ಲ. ಬ್ರಿಟಿಷರ ಕಾಲದಲ್ಲಿ ಅದು ಇನ್ನೂ ಜಟಿಲವಾಗಿತ್ತು. ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು. ಪಕ್ಕದ ರಾಯಬಾಗ ಕೊಲ್ಹಾಪುರದ ಛತ್ರಪತಿಗಳ ಆಡಳಿತಕ್ಕೆ ಸೇರಿದ್ದು. ಸುತ್ತಲೂ ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿಗಳ ಪಟವರ್ಧನ ಸಂಸ್ಥಾನಗಳು ಚೂರುಚೂರಾಗಿ ಹರಡಿದ್ದವು. ಚಿಕ್ಕೋಡಿ ಸೀಮೆಯಲ್ಲಿ ದನ ಕದ್ದವನು ಬೆಳಗಾಗುವುದರೊಳಗೆ ಮತ್ತೊಬ್ಬ ದೊರೆಯ ರಾಜ್ಯದಲ್ಲಿರುವುದು ಸಾಧ್ಯವಿತ್ತು.

ಆಗ ಇಂಥವನನ್ನು ಮರಳಿ ತರಲು ವಿದೇಶದಿಂದ ತರುವಂಥದೇ ವಿಧಾನ ಬೇಕಾಗುತ್ತಿತ್ತು. ಬ್ರಿಟಿಷ್ ಸೀಮೆಯಲ್ಲಿ ತಪ್ಪು ಮಾಡಿ ಸಂಸ್ಥಾನಕ್ಕೆ ಹೋದವನನ್ನು ದರಬಾರಿನಿಂದ ಕೇಳಿ ಪಡೆಯಬೇಕು. ಸಂಸ್ಥಾನದಲ್ಲಿ ತಪ್ಪು ಮಾಡಿ ಬ್ರಿಟಿಷ್ ಸೀಮೆಗೆ ಬಂದವನಿಗಾಗಿ ಪೊಲಿಟಿಕಲ್ ಏಜೆಂಟರು ವಾರಂಟ್ ಹೊರಡಿಸಬೇಕು. 1903ರ ಆರೋಪಿಗಳ ಹಸ್ತಾಂತರ ಕಾಯ್ದೆ ಈ ವ್ಯವಹಾರಕ್ಕೆಂದೇ ಇತ್ತು. ನಿಧಾನದ ಕೆಲಸವೇನೋ ಸರಿ, ಆದರೆ ಅದರಲ್ಲಿ ಒಂದು ತತ್ವವಿತ್ತು: ಒಂದು ಕಡೆಯ ಪೊಲೀಸರು ಮತ್ತೊಂದು ಕಡೆಯ ಅಧಿಕಾರಿಯ ಸಹಿಯಿಲ್ಲದೆ ಮನುಷ್ಯನನ್ನು ಎಳೆದೊಯ್ಯುವಂತಿರಲಿಲ್ಲ.

1948ರಲ್ಲಿ ಪಟವರ್ಧನರ ಸಂಸ್ಥಾನಗಳೂ 1949ರಲ್ಲಿ ಕೊಲ್ಹಾಪುರವೂ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. ಮುಂದಿನ ಏಳೆಂಟು ವರ್ಷ ಕೊಲ್ಹಾಪುರ, ಸಾಂಗಲಿ, ಚಿಕ್ಕೋಡಿ, ಅಥಣಿ ಎಲ್ಲವೂ ಒಂದೇ ರಾಜ್ಯ, ಒಂದೇ ಪೊಲೀಸ್ ಇಲಾಖೆ, ಒಂದೇ ಹೈಕೋರ್ಟ್. ಈ ಭಾಗದ ನ್ಯಾಯಾಂಗದ ಚರಿತ್ರೆಯಲ್ಲಿ ಗಡಿಯೇ ಇಲ್ಲದ ಕಾಲವೆಂದರೆ ಅದೊಂದೇ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಗೆರೆ ಎಳೆದ ಮಾತ್ರಕ್ಕೆ ಕಾನೂನು ಬದಲಾಗಲಿಲ್ಲ. ಪುನರ್ವಿಂಗಡಣೆ ಕಾಯ್ದೆಯ 119ನೇ ಕಲಮು, ಹೊಸ ಶಾಸಕಾಂಗ ಬೇರೆ ರೀತಿ ಗೊತ್ತುಮಾಡುವವರೆಗೆ ಹಳೆಯ ಕಾನೂನುಗಳೇ ಆಯಾ ಪ್ರದೇಶದಲ್ಲಿ ಮುಂದುವರಿಯಲಿ ಎಂದಿತು. ಹೀಗಾಗಿ ಮೈಸೂರು ರಾಜ್ಯದ ಪೊಲೀಸರು ಚಿಕ್ಕೋಡಿಯಲ್ಲಿ ಕೆಲಕಾಲ 1951ರ ಮುಂಬಯಿ ಪೊಲೀಸ್ ಕಾಯ್ದೆಯನ್ನೇ ನಡೆಸಿದರು. ಬಳಿಕ 1963ರ ಪೊಲೀಸ್ ಕಾಯ್ದೆ ಇಡೀ ರಾಜ್ಯಕ್ಕೆ ಒಂದಾಗಿ ಬಂತು. ಆಚೆ ಕಡೆ ಅದೇ ಮುಂಬಯಿ ಕಾಯ್ದೆ ಇಂದು ಮಹಾರಾಷ್ಟ್ರ ಪೊಲೀಸ್ ಕಾಯ್ದೆ ಎಂಬ ಹೆಸರಿನಲ್ಲಿದೆ.

ಊರಿನ ಮಟ್ಟದಲ್ಲಿ ಇನ್ನೂ ಒಂದು ವ್ಯತ್ಯಾಸ ಉಳಿಯಿತು. ನಮ್ಮಲ್ಲಿ ವಂಶಪಾರಂಪರ್ಯದ ಪಾಟೀಲಕಿಯನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ತೆಗೆದುಹಾಕಿತು. ಮಹಾರಾಷ್ಟ್ರ ಮಾತ್ರ 1967ರ ಕಾಯ್ದೆಯ ಮೂಲಕ ಪೊಲೀಸ್ ಪಾಟೀಲನ ಹುದ್ದೆಯನ್ನು ಹೊಸ ರೂಪದಲ್ಲಿ ಉಳಿಸಿಕೊಂಡಿತು. ಶಿರೋಳ ತಾಲ್ಲೂಕಿನ ಹಳ್ಳಿಗೆ ನಮ್ಮ ಪೊಲೀಸರು ಹೋದರೆ, ಬಂದದ್ದು ಯಾರು, ಒಯ್ದದ್ದು ಯಾರನ್ನು ಎಂದು ಗೊತ್ತಿರಬೇಕಾದ ಸರಕಾರಿ ಮನುಷ್ಯ ಊರಲ್ಲೇ ಇರುತ್ತಾನೆ. ಆಚೆಯವರು ನಮ್ಮ ಹಳ್ಳಿಗೆ ಬಂದರೆ ಅಂಥ ಒಬ್ಬನಿಲ್ಲ. ಹತ್ತಿರದ ಠಾಣೆಗೆ ಸುದ್ದಿ ಮುಟ್ಟಿದರೆ ಮಾತ್ರ ಉಂಟು.

ಮೂವತ್ತು ಕಿಲೋಮೀಟರಿನ ಲೆಕ್ಕ

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಲಮುಗಳ ಸಂಖ್ಯೆ ಬದಲಾಗಿದ್ದರೂ ಗಡಿ ದಾಟುವ ಬಂಧನದ ಚೌಕಟ್ಟು ಬಹುತೇಕ ಹಳೆಯದೇ. ಅದನ್ನು ತಿಳಿಯಲು ಎರಡು ಸಂದರ್ಭಗಳನ್ನು ಬೇರೆ ಮಾಡಬೇಕು: ನ್ಯಾಯಾಲಯದ ವಾರಂಟ್ ಇಟ್ಟುಕೊಂಡು ಬಂದಾಗ, ವಾರಂಟ್ ಇಲ್ಲದೆ ತನಿಖೆಗಾಗಿ ಬಂದಾಗ.

ವಾರಂಟಿನ ಮಾತು ಮೊದಲು. ಭಾರತದ ಯಾವ ನ್ಯಾಯಾಲಯದ ಬಂಧನ ವಾರಂಟನ್ನಾದರೂ ಭಾರತದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು ಎನ್ನುತ್ತದೆ 79ನೇ ಕಲಮು. ಆದರೆ ತನ್ನ ನ್ಯಾಯಾಲಯದ ವ್ಯಾಪ್ತಿಯ ಹೊರಗೆ ವಾರಂಟ್ ತಂದ ಪೊಲೀಸ್ ಅಧಿಕಾರಿ ಸಾಮಾನ್ಯವಾಗಿ ಅದನ್ನು ಸ್ಥಳೀಯ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಇಲ್ಲವೆ ಠಾಣಾಧಿಕಾರಿಗೆ ತೋರಿಸಿ ಅದರ ಮೇಲೆ ಷರಾ ಬರೆಸಿಕೊಳ್ಳಬೇಕು. ಆ ಷರಾ ಬಿದ್ದ ಮೇಲೆ ಸ್ಥಳೀಯ ಪೊಲೀಸರು ನೆರವಾಗಲೇಬೇಕು. ಷರಾಕ್ಕಾಗಿ ಕಾದರೆ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಎಂದು ನಂಬಲು ಕಾರಣವಿದ್ದರೆ ಮಾತ್ರ ನೇರ ಹಿಡಿಯಲು ವಿನಾಯಿತಿ ಇದೆ.

ಹಿಡಿದ ಮೇಲೆ ಏನು? 82ನೇ ಕಲಮಿನ ಪ್ರಕಾರ, ವಾರಂಟ್ ಹೊರಟ ಜಿಲ್ಲೆಯ ಹೊರಗೆ ಬಂಧನವಾದರೆ ಆ ವ್ಯಕ್ತಿಯನ್ನು ಬಂಧನ ನಡೆದ ಸ್ಥಳದ ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಪೊಲೀಸ್ ಸೂಪರಿಂಟೆಂಡೆಂಟರ ಮುಂದೆ ಹಾಜರುಪಡಿಸಬೇಕು. ಇದಕ್ಕೊಂದು ವಿನಾಯಿತಿ ಇದೆ. ವಾರಂಟ್ ಕೊಟ್ಟ ನ್ಯಾಯಾಲಯ ಬಂಧನದ ಸ್ಥಳದಿಂದ 30 ಕಿಲೋಮೀಟರಿನೊಳಗೆ ಇದ್ದರೆ, ಅಥವಾ ಸ್ಥಳೀಯ ದಂಡಾಧಿಕಾರಿಗಿಂತ ಆ ನ್ಯಾಯಾಲಯವೇ ಹತ್ತಿರವಿದ್ದರೆ, ನೇರ ಅಲ್ಲಿಗೇ ಒಯ್ಯಬಹುದು.

ದೇಶದ ಬೇರೆಡೆ ಈ 30 ಕಿಲೋಮೀಟರಿನ ಮಾತು ಪುಸ್ತಕದಲ್ಲಿ ಉಳಿಯುವಂಥದು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಅದು ದಿನನಿತ್ಯದ ಲೆಕ್ಕ. ಮಿರಜದಿಂದ ಕಾಗವಾಡ 20 ಕಿ.ಮೀ. ಒಳಗೇ ಇದೆ. ಅಥಣಿ ಸುಮಾರು 50 ಕಿ.ಮೀ. ಮಿರಜ ನ್ಯಾಯಾಲಯದ ಒಂದೇ ಬಗೆಯ ವಾರಂಟಿನ ಮೇಲೆ ಕಾಗವಾಡದವನನ್ನು ನೇರವಾಗಿ ಮಿರಜಕ್ಕೆ ಒಯ್ಯಬಹುದು. ಅಥಣಿಯವನನ್ನು ಮೊದಲು ಅಥಣಿಯಲ್ಲಿ ನಿಲ್ಲಿಸಬೇಕು. ನಿಪ್ಪಾಣಿಗೆ ಕಾಗಲ ಹತ್ತಿರ, ಕೊಲ್ಹಾಪುರ ಸುಮಾರು 40 ಕಿ.ಮೀ. ಹಾಗಾಗಿ ವಾರಂಟಿನ ತಲೆಯ ಮೇಲೆ ಯಾವ ಊರಿನ ನ್ಯಾಯಾಲಯದ ಹೆಸರಿದೆ ಎಂಬುದನ್ನು ನಿಪ್ಪಾಣಿಯ ವಕೀಲರು ಮೊದಲು ನೋಡಬೇಕಾಗುತ್ತದೆ.

ಕಾರ್ಯನಿರ್ವಾಹಕ ದಂಡಾಧಿಕಾರಿ ಎಂದರೆ ತಾಲ್ಲೂಕಿನ ಮಟ್ಟದಲ್ಲಿ ತಹಶೀಲ್ದಾರರು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರ್ಪಟ್ಟು ಹೊಸ ತಾಲ್ಲೂಕುಗಳಾದಾಗ ಜನ ಅದನ್ನು ಪಹಣಿ ಮತ್ತು ಜಾತಿ ಪ್ರಮಾಣಪತ್ರದ ಅನುಕೂಲವಾಗಿ ಕಂಡರು. ಬಂಧಿತನನ್ನು ಹಾಜರುಪಡಿಸಬಹುದಾದ ಅಧಿಕಾರಿಯೂ ಅವರ ಊರಿಗೆ ಹತ್ತಿರ ಬಂದ ಎಂಬುದು ಹೆಚ್ಚಾಗಿ ಯಾರ ಗಮನಕ್ಕೂ ಬರಲಿಲ್ಲ.

ಈ ಹಾಜರಾತಿ ಬರೀ ವಿಧಿಯಲ್ಲ. ಆರೋಪ ಜಾಮೀನು ಕೊಡಲೇಬೇಕಾದಂಥದಾಗಿದ್ದು ಆರೋಪಿ ಜಾಮೀನು ಕೊಡಲು ಸಿದ್ಧನಿದ್ದರೆ ಇಲ್ಲಿಯೇ ಬಿಡಬೇಕು ಎನ್ನುತ್ತದೆ 83ನೇ ಕಲಮು. ಆರೋಪ ಜಾಮೀನಿಗೆ ಅರ್ಹವಲ್ಲದ್ದಾದರೂ, ಬಂಧನ ನಡೆದ ಜಿಲ್ಲೆಯ ಮುಖ್ಯ ನ್ಯಾಯಿಕ ದಂಡಾಧಿಕಾರಿ ಅಥವಾ ಸೆಷನ್ಸ್ ನ್ಯಾಯಾಧೀಶರು ಕಾಗದಪತ್ರ ನೋಡಿ ಜಾಮೀನು ಕೊಡಬಹುದು.

ಗಡಿಯ ಊರುಗಳಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರಬೇಕಾದದ್ದು ಚೆಕ್ ಪ್ರಕರಣಗಳಲ್ಲಿ. ಅಥಣಿಯ ರೈತ ಸಾಂಗಲಿಯ ವ್ಯಾಪಾರಿಗೆ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿತು ಎನ್ನೋಣ. 2015ರ ತಿದ್ದುಪಡಿಯ ನಂತರ, ಹಣ ಪಡೆಯಬೇಕಾದವನ ಖಾತೆ ಇರುವ ಬ್ಯಾಂಕ್ ಶಾಖೆಯ ಊರಿನಲ್ಲಿ ಮೊಕದ್ದಮೆ ಹೂಡಬೇಕು. ಆದ್ದರಿಂದ ದಾವೆ ಸಾಂಗಲಿಯಲ್ಲಿ. ಸಮನ್ಸ್ ಅಥಣಿಗೆ ಬರುತ್ತದೆ. ರೈತ ಅದನ್ನು ಬ್ಯಾಂಕಿನ ನೋಟೀಸೆಂದು ಬದಿಗಿಡುತ್ತಾನೆ. ಹಾಜರಾಗದೆ ಹೋದುದಕ್ಕೆ ವಾರಂಟ್ ಹೊರಡುತ್ತದೆ. ಚೆಕ್ ಅಮಾನ್ಯದ ಅಪರಾಧ ಜಾಮೀನು ಸಿಗುವಂಥದು. ವಾರಂಟ್ ಬಂದ ದಿನ ಮುಚ್ಚಳಿಕೆ ಬರೆದುಕೊಟ್ಟು ಅಥಣಿಯಲ್ಲೇ ಬಿಡುಗಡೆ ಪಡೆದು, ಗೊತ್ತಾದ ತಾರೀಖಿಗೆ ಸಾಂಗಲಿಗೆ ಹೋಗಲು ಕಾನೂನಿನಲ್ಲಿ ದಾರಿ ಇದೆ. ಆ ದಾರಿ ಗೊತ್ತಿಲ್ಲದವನು ರಾತ್ರೋರಾತ್ರಿ ಜೀಪು ಹತ್ತುತ್ತಾನೆ.

ಹಾಗೆಯೇ, ಆರೋಪಿ ತನ್ನ ವ್ಯಾಪ್ತಿಯ ಹೊರಗೆ ವಾಸಿಸುವವನಾದರೆ ನ್ಯಾಯಾಲಯ ಸಮನ್ಸ್ ಕಳಿಸುವ ಮುಂಚೆಯೇ ಫಿರ್ಯಾದಿಯ ಬಗ್ಗೆ ವಿಚಾರಣೆ ಮಾಡಬೇಕೆಂಬ ನಿಯಮ 2006ರಿಂದ ಜಾರಿಯಲ್ಲಿದೆ. ಈಗ ಅದು 225ನೇ ಕಲಮು. ದೂರದವರನ್ನು ಸುಮ್ಮನೆ ಅಲೆದಾಡಿಸಲು ಹೂಡುವ ಸುಳ್ಳು ದಾವೆಗಳಿಗೆ ತಡೆಯೆಂದೇ ಅದನ್ನು ತಂದದ್ದು. ಚೆಕ್ ಪ್ರಕರಣಗಳಿಗೂ ಅದು ಅನ್ವಯಿಸುತ್ತದೆಂದು 2021ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸ್ಪಷ್ಟಪಡಿಸಿತು.

ವಾರಂಟ್ ಇಲ್ಲದೆ ಬಂದಾಗ

ಎರಡನೆಯ ಸಂದರ್ಭ ಹೆಚ್ಚು ತೊಡಕಿನದು. ಕಳವು, ವಂಚನೆ, ಮಾದಕ ವಸ್ತು, ಕೊಲೆ ಇಂಥ ಪ್ರಕರಣಗಳಲ್ಲಿ ಪೊಲೀಸರಿಗೆ ವಾರಂಟ್ ಬೇಕಿಲ್ಲ. ಹಿಡಿಯುವ ಅಧಿಕಾರವಿದ್ದವನನ್ನು ಬೆನ್ನಟ್ಟಿ ದೇಶದ ಯಾವ ಜಾಗಕ್ಕಾದರೂ ಹೋಗಬಹುದು ಎಂದು 45ನೇ ಕಲಮು ಹೇಳುತ್ತದೆ. ಇಲ್ಲಿ ಆರೋಪಿಯ ರಕ್ಷಣೆಗಿರುವುದು ಸಂವಿಧಾನದ 22ನೇ ವಿಧಿ. ಬಂಧಿತನನ್ನು 24 ಗಂಟೆಗಳೊಳಗೆ, ಪ್ರಯಾಣದ ಹೊತ್ತನ್ನು ಬಿಟ್ಟು, ಅತಿ ಹತ್ತಿರದ ದಂಡಾಧಿಕಾರಿಯ ಮುಂದೆ ನಿಲ್ಲಿಸಬೇಕು.

'ಅತಿ ಹತ್ತಿರದ' ಎಂಬ ಶಬ್ದವೇ ಮುಖ್ಯ. ಹತ್ತಿರದ ದಂಡಾಧಿಕಾರಿಗೆ ಆ ಮೊಕದ್ದಮೆ ನಡೆಸುವ ಅಧಿಕಾರ ಇರದಿರಬಹುದು. ಆದರೂ ಆತನ ಮುಂದೆ ಹಾಜರುಪಡಿಸಬಹುದು ಎಂಬುದನ್ನು ಹೊಸ ಸಂಹಿತೆಯ 58ನೇ ಕಲಮು, 'ಅಧಿಕಾರ ವ್ಯಾಪ್ತಿ ಇರಲಿ, ಇಲ್ಲದಿರಲಿ' ಎಂಬರ್ಥದ ಮಾತು ಸೇರಿಸಿ ಸ್ಪಷ್ಟ ಮಾಡಿದೆ. ಆ ದಂಡಾಧಿಕಾರಿ ಕಾಗದ ನೋಡಿ, ಆರೋಪಿಯ ಮಾತು ಕೇಳಿ, ಇಷ್ಟು ಹೊತ್ತಿನೊಳಗೆ ಇಂಥ ನ್ಯಾಯಾಲಯಕ್ಕೆ ಒಯ್ಯಿರಿ ಎಂದು ಅಪ್ಪಣೆ ಕೊಡುತ್ತಾರೆ. ಇದನ್ನೇ ವಕೀಲರೂ ಪೊಲೀಸರೂ 'ಟ್ರಾನ್ಸಿಟ್ ರಿಮಾಂಡ್' ಎನ್ನುವುದು. ಸೋಜಿಗವೆಂದರೆ ಈ ಹೆಸರು ಸಂಹಿತೆಯಲ್ಲಿ ಎಲ್ಲಿಯೂ ಇಲ್ಲ, ರೂಢಿಯಿಂದ ಬಂದದ್ದು.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲಿ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯಗಳಿವೆ. ಹೀಗಿರುವಾಗ ಪ್ರಶ್ನೆ ಏಳುವುದು ದೂರದ ಪೊಲೀಸರ ಬಗ್ಗೆ ಅಲ್ಲ, ಹತ್ತಿರದ ಪೊಲೀಸರ ಬಗ್ಗೆ. ಮುಂಬಯಿಯಿಂದ ಬಂದವರು ಇಲ್ಲಿ ರಿಮಾಂಡ್ ಪಡೆಯದೆ ಹೊರಡಲು ಹಿಂಜರಿಯಬಹುದು. ಕೊಲ್ಹಾಪುರದಿಂದ ಬಂದವರು, "ಒಂದು ತಾಸಿನ ದಾರಿ, 24 ಗಂಟೆಯೊಳಗೆ ನಮ್ಮ ನ್ಯಾಯಾಲಯಕ್ಕೇ ಹಾಜರುಪಡಿಸುತ್ತೇವೆ" ಎನ್ನಬಹುದು.

ಇಂಥದೇ ವಾದ ದೊಡ್ಡ ಮಟ್ಟದಲ್ಲಿ ಎದ್ದದ್ದು 2021ರ ಫೆಬ್ರುವರಿಯಲ್ಲಿ. ರೈತ ಚಳವಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ದೆಹಲಿ ಪೊಲೀಸರು ಬೆಂಗಳೂರಿನ ಯುವ ಪರಿಸರ ಕಾರ್ಯಕರ್ತೆಯೊಬ್ಬರನ್ನು ಬಂಧಿಸಿ, ಬೆಂಗಳೂರಿನ ನ್ಯಾಯಾಲಯಕ್ಕೆ ಹಾಜರುಪಡಿಸದೆ ನೇರ ದೆಹಲಿಗೆ ಒಯ್ದರು. 24 ಗಂಟೆ ಮೀರಿಲ್ಲ ಎಂಬುದು ಪೊಲೀಸರ ಸಮರ್ಥನೆ. ತನ್ನ ಊರಿನ ವಕೀಲರೊಂದಿಗೆ ಮಾತಾಡುವ ಅವಕಾಶವನ್ನೇ ಕಿತ್ತುಕೊಂಡಂತಾಯಿತಲ್ಲ ಎಂಬುದು ಕಾನೂನು ಬಲ್ಲವರ ಆಕ್ಷೇಪ. ಮುಂದೆ ದೆಹಲಿಯ ನ್ಯಾಯಾಲಯ ಅವರಿಗೆ ಜಾಮೀನು ಕೊಟ್ಟಿತು.

ಇದಕ್ಕೆ ಮುಂಚೆಯೇ, 2019ರಲ್ಲಿ, ದೆಹಲಿ ಹೈಕೋರ್ಟ್ ಅಂತರರಾಜ್ಯ ಬಂಧನಕ್ಕೆ ಮಾರ್ಗಸೂಚಿ ಹಾಕಿಕೊಟ್ಟಿತ್ತು. ಹೊರಡುವ ಮೊದಲು ಮೇಲಧಿಕಾರಿಯ ಅನುಮತಿ ಇರಬೇಕು, ಹೋದ ಊರಿನ ಠಾಣೆಯನ್ನು ಸಂಪರ್ಕಿಸಬೇಕು, ರಾಜ್ಯದಿಂದ ಹೊರಗೆ ಒಯ್ಯುವ ಮುನ್ನ ಬಂಧಿತನಿಗೆ ವಕೀಲರ ಸಲಹೆ ಪಡೆಯಲು ಅವಕಾಶ ಕೊಡಬೇಕು, ತೀರಾ ಅನಿವಾರ್ಯವಿಲ್ಲದಿದ್ದರೆ ಹತ್ತಿರದ ದಂಡಾಧಿಕಾರಿಯಿಂದ ರಿಮಾಂಡ್ ಪಡೆಯಬೇಕು ಎಂಬವು ಅದರ ಸಾರ. ಆ ಮಾರ್ಗಸೂಚಿ ನೇರವಾಗಿ ಅನ್ವಯಿಸುವುದು ದೆಹಲಿ ಪೊಲೀಸರಿಗೆ. ಆದರೂ ಇಂಥ ಪ್ರಕರಣದಲ್ಲಿ ವಾದ ಮಾಡುವ ವಕೀಲರಿಗೆ ಅದೊಂದು ಆಧಾರ.

ತಿಳಿಯುವ ಭಾಷೆ

ಗಡಿಯ ಬಂಧನದಲ್ಲಿ ಭಾಷೆಯೂ ಒಂದು ಕಾನೂನಿನ ವಿಷಯವೇ. ಕೆಳ ನ್ಯಾಯಾಲಯಗಳ ಭಾಷೆ ಯಾವುದೆಂದು ನಿರ್ಧರಿಸುವುದು ಆಯಾ ರಾಜ್ಯ ಸರಕಾರ. ಅದರಂತೆ ಈ ಕಡೆ ಕನ್ನಡ, ಆ ಕಡೆ ಮರಾಠಿ. ಆಚೆಯ ಠಾಣೆಯ ಎಫ್‌ಐಆರ್, ಡೈರಿ, ಪಂಚನಾಮೆ ಎಲ್ಲ ಮರಾಠಿಯಲ್ಲಿರುತ್ತವೆ. ನಿಪ್ಪಾಣಿಯ ವಕೀಲರಿಗೆ ಇದರಿಂದ ತೊಂದರೆಯಿಲ್ಲ. ಅವರಲ್ಲಿ ಅನೇಕರು ಎರಡೂ ಭಾಷೆಗಳಲ್ಲಿ ಪಳಗಿದವರು. ಆದರೆ ಹಳೆ ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ನ್ಯಾಯಾಧೀಶರು ಮರಾಠಿ ಓದಬಲ್ಲರೆಂದು ಹೇಳಲಾಗದು.

ಓದಲಾಗದ ಕಾಗದದ ಮೇಲೆ ರಿಮಾಂಡ್ ಕೊಡಬಹುದೇ? ಇದಕ್ಕೆ 2018ರಲ್ಲಿ ದೆಹಲಿ ಹೈಕೋರ್ಟ್ ಉತ್ತರ ಕೊಟ್ಟಿದೆ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಪುಣೆ ಪೊಲೀಸರು ಲೇಖಕ ಗೌತಮ್ ನವಲಖಾ ಅವರನ್ನು ದೆಹಲಿಯಲ್ಲಿ ಬಂಧಿಸಿ ಅಲ್ಲಿಯ ದಂಡಾಧಿಕಾರಿಯಿಂದ ಟ್ರಾನ್ಸಿಟ್ ರಿಮಾಂಡ್ ಪಡೆದರು. ಕಾಗದಗಳು ಹೆಚ್ಚಿನವು ಮರಾಠಿಯಲ್ಲಿದ್ದವು. ಅವು ಏನು ಹೇಳುತ್ತವೆಂದು ತಿಳಿಯದೆ ದಂಡಾಧಿಕಾರಿ ಮನಸ್ಸಿಟ್ಟು ಪರಿಶೀಲಿಸಿದರೆನ್ನಲು ಸಾಧ್ಯವಿಲ್ಲ ಎಂಬ ಕಾರಣವನ್ನೂ ಸೇರಿಸಿ, 2018ರ ಅಕ್ಟೋಬರ್ 1ರಂದು ಹೈಕೋರ್ಟ್ ಆ ರಿಮಾಂಡನ್ನು ರದ್ದು ಮಾಡಿತು. ರಿಮಾಂಡ್ ಎಂಬುದು ಮುದ್ರೆ ಒತ್ತುವ ಕೆಲಸವಲ್ಲ ಎಂಬುದು ಇದರ ತಾತ್ಪರ್ಯ.

ಬಂಧಿತನ ಕಡೆಯಿಂದ ನೋಡಿದರೆ 2025ರ ನವೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಇನ್ನೂ ಮುಖ್ಯ. ಯಾವುದೇ ಅಪರಾಧವಾಗಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು. ಆ ಕ್ಷಣಕ್ಕೆ ಬರೆದುಕೊಡುವುದು ಸಾಧ್ಯವೇ ಇಲ್ಲದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಎರಡು ತಾಸು ಮುಂಚೆಯಾದರೂ ಬರಹ ಕೈಗೆ ಸೇರಬೇಕು. ಇಲ್ಲವಾದರೆ ಬಂಧನವೂ ರಿಮಾಂಡೂ ಕಾನೂನುಬಾಹಿರವಾಗುತ್ತವೆ. ಮರಾಠಿ ಕಾಗದವನ್ನು ರಾಯಬಾಗದ ಕನ್ನಡ ಕೂಲಿಕಾರನ ಕೈಗಿತ್ತರೆ ಈ ತೀರ್ಪು ಪಾಲಿಸಿದಂತಾಗುವುದಿಲ್ಲ. ಹಾಗೆಯೇ ಕನ್ನಡ ಕಾಗದವನ್ನು ನಿಪ್ಪಾಣಿಯ ಮರಾಠಿ ಬೀಡಿ ಕಾರ್ಮಿಕಳಿಗೆ ಕೊಟ್ಟರೂ ಪಾಲಿಸಿದಂತಾಗುವುದಿಲ್ಲ. ಗಡಿ ವಿವಾದದಲ್ಲಿ ಭಾಷೆ ಹಕ್ಕು ಸಾಧಿಸುವ ವಸ್ತು. ಲಾಕಪ್ಪಿನ ಬಾಗಿಲಲ್ಲಿ ಅದು ಎರಡೂ ಭಾಷೆಯವರಿಗೆ ಸಮಾನವಾದ ರಕ್ಷಣೆ.

ಆರೋಪಪಟ್ಟಿಯ ವಿಷಯದಲ್ಲಿ ಮಾತ್ರ ನಿಯಮ ಇಷ್ಟು ಬಿಗಿಯಿಲ್ಲ. ಅದು ಆರೋಪಿಯ ಭಾಷೆಯಲ್ಲೇ ಇರಬೇಕೆಂದಿಲ್ಲ. ಅವನಿಗೂ ಅವನ ವಕೀಲರಿಗೂ ತಿಳಿಯದಿದ್ದರೆ ಅನುವಾದ ಒದಗಿಸಬೇಕಾಗುತ್ತದೆ ಎಂಬುದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು.

ಬಂಧನಕ್ಕೆ ಮುಂಚೆ

ಆಚೆ ಕಡೆ ಪ್ರಕರಣ ದಾಖಲಾಗಿದೆ ಎಂದು ಮೊದಲೇ ಸುಳಿವು ಸಿಕ್ಕವನು ಏನು ಮಾಡಬೇಕು? ನಿರೀಕ್ಷಣಾ ಜಾಮೀನು ಕೇಳಲು ಕೊಲ್ಹಾಪುರಕ್ಕೇ ಹೋಗಬೇಕೇ? ದಾರಿಯಲ್ಲೇ ಹಿಡಿದರೆ? ಈ ಬಗ್ಗೆ ಹೈಕೋರ್ಟುಗಳಲ್ಲಿ ಬಹುಕಾಲ ಭಿನ್ನ ಅಭಿಪ್ರಾಯಗಳಿದ್ದವು. ಅದನ್ನು ಬಗೆಹರಿಸಿದ್ದು ಕರ್ನಾಟಕದಿಂದ ಹೋದ ಪ್ರಕರಣವೇ. ರಾಜಸ್ಥಾನದಲ್ಲಿ ದಾಖಲಾದ ಕೌಟುಂಬಿಕ ದೂರಿನಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ನಿರೀಕ್ಷಣಾ ಜಾಮೀನು ಕೊಟ್ಟದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ನವೆಂಬರ್ 20ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ, ಬೇರೆ ರಾಜ್ಯದ ಎಫ್‌ಐಆರ್ ಆದರೂ ವ್ಯಕ್ತಿ ಇರುವ ಊರಿನ ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟ್ ಸೀಮಿತ ಅವಧಿಗೆ ನಿರೀಕ್ಷಣಾ ಜಾಮೀನು ಕೊಡಬಹುದೆಂದು ತೀರ್ಪಿತ್ತಿತು.

ಷರತ್ತುಗಳೂ ಇವೆ. ಎಫ್‌ಐಆರ್ ದಾಖಲಾದ ಊರಿನ ತನಿಖಾಧಿಕಾರಿ ಮತ್ತು ಸರಕಾರಿ ವಕೀಲರಿಗೆ ನೋಟೀಸು ಹೋಗಬೇಕು. ತಕ್ಷಣ ಅಲ್ಲಿಗೆ ಹೋಗಲು ಏಕೆ ಸಾಧ್ಯವಿಲ್ಲ ಎಂದು ಅರ್ಜಿದಾರ ತೋರಿಸಬೇಕು. ವಾಸ, ಉದ್ಯೋಗ ಮುಂತಾದ ನಿಜವಾದ ಸಂಬಂಧ ಈ ಊರಿನೊಂದಿಗೆ ಇರಬೇಕು. ಬೇಕಾದ ನ್ಯಾಯಾಲಯ ಆರಿಸಿಕೊಳ್ಳುವ ಉಪಾಯ ಇದಾಗಬಾರದು. ಕಾಗಲಕ್ಕೆ ಅರ್ಧ ತಾಸಿನ ದಾರಿಯ ನಿಪ್ಪಾಣಿಯವರಿಗೆ 'ಹೋಗಲಾಗದು' ಎಂಬುದನ್ನು ರುಜುವಾತು ಮಾಡುವುದು ಬೆಂಗಳೂರಿನವರಷ್ಟು ಸುಲಭವಲ್ಲ ಎಂಬುದು ಬೇರೆ ಮಾತು. ಆದರೂ ಚಿಕ್ಕೋಡಿಯಲ್ಲೇ ಅಪರ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಇರುವುದರಿಂದ ಈ ಅರ್ಜಿಗೆ ಬೆಳಗಾವಿಯವರೆಗೆ ಓಡಬೇಕಾಗಿಲ್ಲ.

ಎರಡು ಪೀಠಗಳ ನಡುವೆ

ವಕೀಲರ ಓಡಾಟವೂ ಈ ಕಥೆಯ ಭಾಗ. 1956ಕ್ಕೆ ಮೊದಲು ಇಲ್ಲಿಯ ಮೇಲ್ಮನವಿಗಳು ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದವು. ನಂತರ ಸುಮಾರು 600 ಕಿ.ಮೀ. ದೂರದ ಬೆಂಗಳೂರು. ಅರ್ಧ ಶತಮಾನದ ನಂತರ, 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಬಂತು. 2013ರಲ್ಲಿ ಅದು ಕಾಯಂ ಆಯಿತು. ಆಚೆ ಕಡೆ ಕೊಲ್ಹಾಪುರದವರೂ ಇಂಥದೇ ಬೇಡಿಕೆಯಿಟ್ಟು ದೀರ್ಘಕಾಲ ಹೋರಾಡಿದರು. 2025ರ ಆಗಸ್ಟ್ 18ರಿಂದ ಅಲ್ಲಿ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೆಲಸ ಮಾಡುತ್ತಿದೆ. ಹೀಗೆ ಗಡಿಯ ಎರಡೂ ಬದಿಗೆ ಹೈಕೋರ್ಟ್ ಹತ್ತಿರ ಬಂದಿದೆ. ಆಚೆಯ ಎಫ್‌ಐಆರ್ ರದ್ದು ಮಾಡಿಸಲು ಮುಂಬಯಿಗೆ ರಾತ್ರಿ ಬಸ್ಸು ಹಿಡಿಯುತ್ತಿದ್ದ ನಿಪ್ಪಾಣಿಯ ಕಕ್ಷಿದಾರನಿಗೆ ಇದು ಸಣ್ಣ ಲಾಭವಲ್ಲ.

ಸನದು ಯಾವ ರಾಜ್ಯದ ವಕೀಲರ ಪರಿಷತ್ತಿನದೇ ಆಗಲಿ, ದೇಶದ ಯಾವ ನ್ಯಾಯಾಲಯದಲ್ಲಾದರೂ ವಕೀಲಿ ಮಾಡುವ ಹಕ್ಕನ್ನು 1961ರ ವಕೀಲರ ಕಾಯ್ದೆಯ 30ನೇ ಕಲಮು ಕೊಟ್ಟಿತ್ತು. ಆ ಕಲಮು ಜಾರಿಗೆ ಬಂದದ್ದು ಮಾತ್ರ 2011ರ ಜೂನ್ 15ರಂದು, ಐವತ್ತು ವರ್ಷಗಳ ನಂತರ! ಚಿಕ್ಕೋಡಿಯ ವಕೀಲರು ಆಯಾ ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು ಆಚೆಯೂ ವಕಾಲತ್ತು ಹಾಕಬಹುದು. ಆದರೆ ಕೊಲ್ಹಾಪುರದಲ್ಲಿ ನಡೆಯುತ್ತಿರುವ ಮೊಕದ್ದಮೆಯನ್ನು ಬೆಳಗಾವಿಗೆ ವರ್ಗಾಯಿಸಬೇಕೆಂದರೆ ಧಾರವಾಡದ ಪೀಠಕ್ಕೂ ಅಧಿಕಾರವಿಲ್ಲ, ಕೊಲ್ಹಾಪುರದ ಪೀಠಕ್ಕೂ ಇಲ್ಲ. ಎರಡು ರಾಜ್ಯಗಳ ನಡುವಿನ ವರ್ಗಾವಣೆ ಸುಪ್ರೀಂ ಕೋರ್ಟಿನ ಕೆಲಸ. ನೂರು ಕಿಲೋಮೀಟರಿನ ಅಂತರಕ್ಕೆ ದೆಹಲಿಗೆ ಹೋಗಬೇಕು.

ದಾಟಲೇಬೇಕಾದ ಗೆರೆ

ಇಷ್ಟೆಲ್ಲ ಓದಿದ ಮೇಲೆ, ಪೊಲೀಸರು ಗಡಿ ದಾಟದಿರುವುದೇ ಒಳ್ಳೆಯದೆಂದು ಯಾರಿಗಾದರೂ ಅನ್ನಿಸಿದರೆ ಅದು ತಪ್ಪು. 2017ರ ಮಾರ್ಚ್‌ನಲ್ಲಿ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ ಅಕ್ರಮ ಗರ್ಭಪಾತದ ವೇಳೆ ಮಹಿಳೆಯೊಬ್ಬಳು ಸತ್ತ ನಂತರ ಪೊಲೀಸರು ನೆಲ ಅಗೆದಾಗ 19 ಭ್ರೂಣಗಳು ಸಿಕ್ಕವು. ಮ್ಹೈಸಾಳ ಕಾಗವಾಡದ ನೆರೆಯ ಊರು. ತನಿಖೆ ಗಡಿ ದಾಟಿ ಕಾಗವಾಡಕ್ಕೂ ಬಂತು. ಭ್ರೂಣದ ಲಿಂಗ ಪತ್ತೆ ಒಂದು ರಾಜ್ಯದಲ್ಲಿ, ಗರ್ಭಪಾತ ಇನ್ನೊಂದು ರಾಜ್ಯದಲ್ಲಿ ನಡೆಯಿತೆಂಬ ಆರೋಪವಿದ್ದಾಗ, ಒಂದೇ ಕಡೆಯ ಪೊಲೀಸರು ತಮ್ಮ ಗಡಿಕಲ್ಲಿನ ಹತ್ತಿರ ನಿಂತುಬಿಟ್ಟರೆ ತನಿಖೆ ಅರ್ಧಕ್ಕೇ ನಿಲ್ಲುತ್ತದೆ. ಅಪರಾಧದ ಒಂದು ಭಾಗ ಇಲ್ಲಿ, ಒಂದು ಭಾಗ ಅಲ್ಲಿ ನಡೆದಿದ್ದರೆ ಎರಡರಲ್ಲಿ ಯಾವ ಕಡೆಯ ನ್ಯಾಯಾಲಯವಾದರೂ ವಿಚಾರಣೆ ನಡೆಸಬಹುದೆಂದು ಕಾನೂನು ಹೇಳುವುದು ಇದೇ ಕಾರಣಕ್ಕೆ.

ನೊಂದವರ ಕಡೆಯಿಂದಲೂ ಹೀಗೆಯೇ. ಇಚಲಕರಂಜಿಗೆ ಮದುವೆ ಮಾಡಿಕೊಟ್ಟ ಮಗಳು ಹೊಡೆತ ತಾಳಲಾರದೆ ಸದಲಗಾದ ತವರಿಗೆ ಬಂದರೆ, ದೂರು ಕೊಡಲು ಆಕೆ ಮತ್ತೆ ಅತ್ತೆಯ ಊರಿಗೆ ಹೋಗಬೇಕಾಗಿಲ್ಲ. ಗಂಡನ ಮನೆಯವರ ಕ್ರೌರ್ಯದ ದೂರನ್ನು ಆಶ್ರಯ ಪಡೆದ ತವರಿನಲ್ಲೇ ದಾಖಲಿಸಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಘಟನೆ ಎಲ್ಲಿಯದೇ ಇರಲಿ, ಮೊದಲು ಮಾಹಿತಿ ಬರೆದುಕೊಂಡು ನಂತರ ಸಂಬಂಧಿಸಿದ ಠಾಣೆಗೆ ಕಳಿಸುವ 'ಶೂನ್ಯ ಎಫ್‌ಐಆರ್' ಪದ್ಧತಿಗೆ ಹೊಸ ಸಂಹಿತೆಯ 173ನೇ ಕಲಮಿನ ಬಲವಿದೆ. "ಇದು ನಮ್ಮ ಹದ್ದಿಯಲ್ಲ" ಎಂದು ಠಾಣೆಯಲ್ಲಿ ಹೇಳುವಂತಿಲ್ಲ. ಆಗ ಗಡಿ ದಾಟಿ ಆಚೆ ಹೋಗುವವರು ನಮ್ಮ ಪೊಲೀಸರು. ಅವರಿಗೂ ಅದೇ ನಿಯಮ, ಆಚೆಯ ದಂಡಾಧಿಕಾರಿಯ ಮುಂದೆ ಅದೇ ನಿಲುಗಡೆ.

ಮನೆಯವರು ಕೇಳಬೇಕಾದದ್ದು

ಕಾನೂನಿನ ಈ ರಕ್ಷಣೆಗಳು ತಾವಾಗಿ ನಡೆಯುವಂಥವಲ್ಲ, ಕೇಳಿದರೆ ನಡೆಯುವಂಥವು. ಬಂದವರ ಎದೆಯ ಮೇಲೆ ಹೆಸರು ಸ್ಪಷ್ಟವಾಗಿ ಕಾಣಬೇಕು. ಬಂಧನದ ಪತ್ರ ಅಲ್ಲೇ ಬರೆಯಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರ ಸಾಕ್ಷಿ ಸಹಿ ಬೀಳಬೇಕು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಈ ನಿಯಮ ಈಗ ಸಂಹಿತೆಯಲ್ಲೇ ಇದೆ. ಬಂಧನದ ಸುದ್ದಿಯನ್ನು ಸಂಬಂಧಿಕರಿಗೂ ಜಿಲ್ಲೆಯ ಗೊತ್ತುಪಡಿಸಿದ ಪೊಲೀಸ್ ಅಧಿಕಾರಿಗೂ ತಿಳಿಸಬೇಕು. ಹೆಂಗಸರನ್ನು, ಅಸಾಧಾರಣ ಸಂದರ್ಭ ಬಿಟ್ಟು, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಬಂಧಿಸುವಂತಿಲ್ಲ. ವಕೀಲರನ್ನಿಡಲು ಹಣವಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ನೆರವು ಸಿಗುತ್ತದೆ; ನ್ಯಾಯಾಲಯದ ಆವರಣದಲ್ಲೇ ವಿಚಾರಿಸಬಹುದು.

ಎಲ್ಲಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಬೇಕು. ನಮ್ಮ ಠಾಣೆಗೆ ತಿಳಿಸಿದ್ದೀರಾ? ಎಷ್ಟು ಹೊತ್ತಿಗೆ, ಯಾವ ದಂಡಾಧಿಕಾರಿಯ ಮುಂದೆ ಹಾಜರುಪಡಿಸುತ್ತೀರಿ? ಉತ್ತರವನ್ನು ವೇಳೆ ಸಮೇತ ಬರೆದಿಟ್ಟುಕೊಂಡು ವಕೀಲರಿಗೆ ಮುಟ್ಟಿಸಿದರೆ ಅವರ ಅರ್ಧ ಕೆಲಸ ಆದಂತೆಯೇ. 24 ಗಂಟೆಯ ಗಡಿಯಾರ ಆ ವೇಳೆಯಿಂದಲೇ ಓಡತೊಡಗುತ್ತದೆ.

ಬೆಳಗಾವಿ ಯಾರದೆಂಬ ಕುರಿತು ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನ ಮುಂದಿದೆ. ಅದರ ತೀರ್ಪು ಏನೇ ಬರಲಿ, ಎಲ್ಲೋ ಒಂದು ಕಡೆ ಗೆರೆ ಇದ್ದೇ ಇರುತ್ತದೆ, ಅದರ ಆಚೀಚೆ ಜನ ಬಾಳುತ್ತಲೇ ಇರುತ್ತಾರೆ. ಆ ಗೆರೆ ಯಾವ ಹೊಲದಲ್ಲಿ ಹಾಯುತ್ತದೆ ಎಂಬ ಚರ್ಚೆಗೆ ನಾಯಕರಿದ್ದಾರೆ. ಅದನ್ನು ದಾಟಿಸಿ ಒಯ್ಯುವ ಮುನ್ನ ಒಬ್ಬ ಮನುಷ್ಯನ ಮಾತನ್ನು ಅವನ ಭಾಷೆಯಲ್ಲಿ ಯಾರಾದರೂ ಕೇಳಿದರೇ ಎಂದು ನೋಡುವ ಕೆಲಸ ತಾಲ್ಲೂಕಿನ ನ್ಯಾಯಾಲಯದ್ದು, ಅಲ್ಲಿ ಕರಿಕೋಟು ತೊಟ್ಟು ನಿಲ್ಲುವ ವಕೀಲರದ್ದು.